ಬೇರೆ ಡಿಸ್ಕಿಗೆ ತಂತ್ರಾಂಶ: ಸಂರಚನಾ ಕಡತಗಳು ಜೋಪಾನ

ಹುಣಸೂರು ತಾಲ್ಲೂಕಿನ ಹನಗೋಡಿನಂಥ ಊರಿನ ಶಾಲೆಯೊಂದರಲ್ಲಿ ಲಿನಕ್ಸ್ ಗಣಕಯಂತ್ರ ಕೆಟ್ಟು ನಿಂತಿದೆ ಎಂದುಕೊಳ್ಳಿ. ತಂತ್ರಜ್ಞರು ಅದರ ಹಾರ್ಡ್ ಡಿಸ್ಕನ್ನು ಮೈಸೂರಿಗೆ ಒಯ್ದು, ಇನ್ನೊಂದು ಯಂತ್ರಕ್ಕೆ ಜೋಡಿಸಿ ತಂತ್ರಾಂಶಗಳನ್ನು ನವೀಕರಿಸುತ್ತಾರೆ. ಮರಳಿ ಬಂದ ಯಂತ್ರವೇನೋ ಚಾಲನೆಗೊಳ್ಳುತ್ತದೆ. ಆದರೆ ಮಕ್ಕಳಿಗೆ ಯಾವ ಜಾಲತಾಣಗಳು ತೆರೆಯಬಾರದೆಂದು ಶಿಕ್ಷಕರು ಸ್ಕ್ವಿಡ್ ತಂತ್ರಾಂಶದಲ್ಲಿ ಬರೆದಿಟ್ಟ ನಿಯಮಗಳು ಅಳಿಸಿಹೋಗಿದ್ದರೆ?

ಇಂಥ ನಿಯಮಗಳಿರುವ ಕಡತಗಳೇ ಸಂರಚನಾ ಕಡತಗಳು, ಅಂದರೆ ಕಾನ್ಫಿಗರೇಷನ್ ಫೈಲುಗಳು. ಲಿನಕ್ಸ್‌ನಲ್ಲಿ ಇವು ಬಹುಪಾಲು 'ಇಟಿಸಿ' ಎಂಬ ಕಡತಕೋಶದಲ್ಲಿರುತ್ತವೆ. ತಂತ್ರಾಂಶವನ್ನು ಮತ್ತೆ ಪಡೆಯಬಹುದು. ಬಳಕೆದಾರರು ಕೈಯಾರೆ ಬರೆದ ನಿಯಮಗಳನ್ನು ಪಡೆಯಲಾಗದು.

ರಕ್ಷಣೆ ಹೇಗೆ?

1993ರಲ್ಲಿ ಆರಂಭವಾದ ಡೆಬಿಯನ್ ವ್ಯವಸ್ಥೆಯ 'ಡಿಪಿಕೆಜಿ', ತಾನು ಅಳವಡಿಸಿದ ಸಂರಚನಾ ಕಡತದ ಗುರುತು-ಮೊತ್ತವನ್ನು ದಾಖಲಿಸಿಕೊಳ್ಳುತ್ತದೆ. ನವೀಕರಣದ ವೇಳೆ ಹೋಲಿಸಿ ನೋಡಿ, ಬಳಕೆದಾರರೂ ಕಡತವನ್ನು ತಿದ್ದಿದ್ದು, ಹೊಸ ಆವೃತ್ತಿಯಲ್ಲೂ ಅದು ಬದಲಾಗಿದ್ದರೆ, ಯಾವುದನ್ನು ಉಳಿಸಬೇಕೆಂದು ಕೇಳುತ್ತದೆ. ರೆಡ್ ಹ್ಯಾಟ್ ಬಳಗದ 'ಆರ್‌ಪಿಎಂ', ಬದಲಿಸಬಾರದೆಂದು ಗುರುತಿಸಿದ ಕಡತವನ್ನು ತಿದ್ದಲಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು, ಹೊಸದನ್ನು 'ಆರ್‌ಪಿಎಂನ್ಯೂ' ಎಂಬ ಬಾಲದೊಂದಿಗೆ ಪಕ್ಕದಲ್ಲಿರಿಸುತ್ತದೆ. ಜೆಂಟೂ ವ್ಯವಸ್ಥೆಯ 'ಪೋರ್ಟೇಜ್' ಕೂಡ ರಕ್ಷಿತ ಕಡತಕೋಶಗಳಲ್ಲಿ ಹೊಸ ಪ್ರತಿಯನ್ನು ಬೇರೆ ಹೆಸರಿನಲ್ಲಿಟ್ಟು, ವಿಲೀನದ ನಿರ್ಧಾರವನ್ನು ಬಳಕೆದಾರರಿಗೇ ಬಿಡುತ್ತದೆ.

ತೊಡಕು ಎಲ್ಲಿ?

ತಂತ್ರಾಂಶವನ್ನು ಬೇರೆ ಡಿಸ್ಕಿಗೆ ಅಳವಡಿಸುವಾಗ ಆ ಡಿಸ್ಕೇ 'ಮೂಲ', ಅಂದರೆ ರೂಟ್ ಆಗುತ್ತದೆ. ಆಗ ಕಾಯಬೇಕಾದುದು ಮೈಸೂರಿನ ಯಂತ್ರದ 'ಇಟಿಸಿ'ಯನ್ನಲ್ಲ, ಶಾಲೆಯ ಡಿಸ್ಕಿನೊಳಗಿನ 'ಇಟಿಸಿ'ಯನ್ನು. ಹೋಲಿಕೆಗೆ ಬಳಸುವ ದಾಖಲೆಯೂ ಆ ಡಿಸ್ಕಿನದೇ ಆಗಿರಬೇಕು.

ಡಿಪಿಕೆಜಿಯಲ್ಲಿ 'ರೂಟ್' ಆಯ್ಕೆ ನೀಡಿದರೆ ಅಳವಡಿಕೆಯ ಸ್ಥಳ ಮತ್ತು ದಾಖಲೆ ಎರಡೂ ಒಟ್ಟಿಗೆ ಬದಲಾಗುತ್ತವೆ. 'ಇನ್‌ಸ್ಟ್‌ಡಿರ್' ಆಯ್ಕೆಯನ್ನಷ್ಟೇ ನೀಡಿದರೆ ಸ್ಥಳ ಮಾತ್ರ ಬದಲಾಗಿ, ದಾಖಲೆ ಆತಿಥೇಯ ಯಂತ್ರದ್ದೇ ಉಳಿಯುತ್ತದೆ. ಹೋಲಿಕೆಯ ಆಧಾರವೇ ತಪ್ಪುವುದರಿಂದ ರಕ್ಷಣೆಯನ್ನು ನೆಚ್ಚುವಂತಿಲ್ಲ. ಮೇಲಾಗಿ, ನವೀಕರಣದ ವಿವರ ಶಾಲೆಯ ಡಿಸ್ಕಿನಲ್ಲಿ ದಾಖಲಾಗುವುದೇ ಇಲ್ಲ.

ಏನು ಮಾಡಬೇಕು?

ಕೆಲಸಕ್ಕೆ ಮುನ್ನ ಡಿಸ್ಕಿನ 'ಇಟಿಸಿ' ಕಡತಕೋಶವನ್ನು ಪೂರ್ತಿಯಾಗಿ ನಕಲು ಮಾಡಿಡಬೇಕು. ಅಳವಡಿಕೆಗೆ 'ರೂಟ್' ಆಯ್ಕೆಯನ್ನೇ ಬಳಸಬೇಕು. ಕೆಲಸ ಮುಗಿದ ಬಳಿಕ, ಪಕ್ಕದಲ್ಲಿ ಉಳಿದ ಹೊಸ ಪ್ರತಿಗಳನ್ನು ಅದೇ ಡಿಸ್ಕಿನಲ್ಲಿ ಹುಡುಕಿ ಹಳೆಯದರೊಂದಿಗೆ ತಾಳೆ ನೋಡಬೇಕು. ಡಿಸ್ಕ್ ಊರು ಸೇರಿದ ಮೇಲೆ ದೋಷ ಪತ್ತೆಯಾದರೆ, ಅದನ್ನು ಮತ್ತೆ ಮೈಸೂರಿಗೆ ಹೊತ್ತು ತರಬೇಕಾದೀತು.