ಕಬ್ಬಿನ ಗರಿಯ ಅಡಿಯ ಬೇಟೆಗಾರ

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ರಾಮನಗರ, ಮದ್ದೂರು ದಾಟಿದರೆ ಮಂಡ್ಯದ ಕಬ್ಬಿನ ಸೀಮೆ. ಕಬ್ಬನ್ನು ಕಾಡುವ ಹುಳುಗಳ ಹೆಸರೆಲ್ಲ ರೈತರಿಗೆ ಬಾಯಿಪಾಠ. ಅದೇ ಬೆಳೆಯನ್ನು ಕಾಯುವ ಒಂದು ಪುಟ್ಟ ಪತಂಗದ ಪರಿಚಯ ಮಾತ್ರ ಹೊಲದಾಚೆ ಬಹಳ ಜನಕ್ಕಿಲ್ಲ. ಅದು ಡೈಫಾ ಅಫಿಡಿವೋರಾ.

ಇದು ಮೂತಿ ಪತಂಗಗಳ ಕುಟುಂಬಕ್ಕೆ ಸೇರಿದ್ದು. ಬಾಯಿಯ ಪಕ್ಕದ ಸ್ಪರ್ಶಾಂಗಗಳು ಮುಂದಕ್ಕೆ ಚಾಚಿ ಮೂತಿಯಂತೆ ಕಾಣುವುದರಿಂದ ಆ ಹೆಸರು. ಅಕ್ಕಿಯಲ್ಲಿ ಬಲೆ ಕಟ್ಟುವ ಪತಂಗ, ಜೇನುಗೂಡಿನ ಮೇಣ ತಿನ್ನುವ ಪತಂಗ ಎರಡೂ ಇದರ ಬಂಧುಗಳೇ. ಡೈಫಾದ ಮರಿಹುಳು ಮಾತ್ರ ಮಾಂಸಾಹಾರಿ. ಚಿಟ್ಟೆ–ಪತಂಗಗಳಲ್ಲಿ ಗುರುತಾಗಿರುವ ಸುಮಾರು 1.6 ಲಕ್ಷ ಪ್ರಭೇದಗಳ ಪೈಕಿ ಹೀಗೆ ಬೇಟೆಯಾಡಿ ಬದುಕುವವು ಶೇ. 1ಕ್ಕಿಂತ ಕಡಿಮೆ.

ಅದರ ಬೇಟೆ ಕಬ್ಬಿನ ಬಿಳಿ ಉಣ್ಣೆ ಹೇನು. 2002ರಲ್ಲಿ ಸಾಂಗ್ಲಿ ಕಡೆಯಿಂದ ಶುರುವಾದ ಈ ಹೇನಿನ ಹಾವಳಿ ಅದೇ ವರ್ಷ ಬೆಳಗಾವಿ, ಬಾಗಲಕೋಟೆಗೆ ಬಂತು. ಗರಿಯ ಅಡಿಭಾಗಕ್ಕೆ ಹತ್ತಿ ಮೆತ್ತಿದಂತೆ ಹೇನು ಕವಿದುಕೊಳ್ಳುತ್ತದೆ. ಅದು ಸುರಿಸುವ ಸಿಹಿ ಅಂಟು ಕೆಳಗಿನ ಗರಿಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಬಿಸಿಲು ತಾಕದ ಗರಿ ಸೊರಗುತ್ತದೆ. ಗಂಡಿನ ನೆರವಿಲ್ಲದೆ ಹೆಣ್ಣೇ ನೇರವಾಗಿ ಮರಿ ಹಾಕುವುದರಿಂದ ಸಂತತಿ ಬಹುಬೇಗ ಏರುತ್ತದೆ.

ಈ ಹೇನು ಸುಲಭದ ತುತ್ತಲ್ಲ. ಶತ್ರು ಮೈಮೇಲೆ ಬಿದ್ದರೆ ಹಿಂಭಾಗದಿಂದ ಒಂದು ಹನಿ ಹೊರಹಾಕುತ್ತದೆ; ಅದರ ವಾಸನೆ ಹಿಡಿದ ಎಳೆಮರಿಗಳು ತಲೆಯ ಪುಟ್ಟ ಕೋಡುಗಳಿಂದ ಶತ್ರುವನ್ನು ಇರಿಯುತ್ತವೆ. ಡೈಫಾದ ಹುಳುವಾದರೋ ಹೇನುಗಳ ನಡುವೆಯೇ ರೇಷ್ಮೆಯೆಳೆಯ ಬಲೆ ನೇಯ್ದು, ಅದರೊಳಗೆ ಇದ್ದುಕೊಂಡೇ ಅವನ್ನು ತಿನ್ನುತ್ತದೆ. ಈ ಬಲೆಯೇ ಅದರ ರಕ್ಷಾಕವಚವೂ ಇರಬೇಕೆಂದು ನನ್ನ ಊಹೆ. ಎಂಥ ಚಂದದ ಉಪಾಯ! ಬೆಳೆದ ಹುಳು ಅಲ್ಲೇ ಗೂಡು ಕಟ್ಟಿ ಕೋಶವಾಗುತ್ತದೆ. ಹೊರಬರುವುದು ಯಾರ ಕಣ್ಣಿಗೂ ಬೀಳದ ಮಂಕು ಬಣ್ಣದ ಪತಂಗ.

ಹಾವಳಿಯ ಹೊಲಗಳಲ್ಲಿ ಇದು ತಾನಾಗಿಯೇ ಕಾಣಿಸಿಕೊಂಡಾಗ ಬೆಂಗಳೂರಿನ ಹೆಬ್ಬಾಳದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವೂ ಸೇರಿದಂತೆ ಹಲವು ಸಂಸ್ಥೆಗಳ ವಿಜ್ಞಾನಿಗಳು ಅದರ ಬೆನ್ನುಹತ್ತಿದರು. ನೆರಳು ಪರದೆಯೊಳಗೆ ಹೇನು ಹತ್ತಿದ ಕಬ್ಬು ಬೆಳೆಸಿ, ಅದರ ಮೇಲೆ ಡೈಫಾ ಸಾಕಿ, ಹುಳುವಿರುವ ಗರಿಯ ತುಂಡುಗಳನ್ನು ರೈತರ ಹೊಲಕ್ಕೆ ತಲುಪಿಸುವ ವಿಧಾನ ರೂಪುಗೊಂಡಿತು.

ವಿಷ ಸಿಂಪಡಿಸಿದರೆ ಹೇನಿನ ಜೊತೆ ಈ ಹುಳುವೂ ಸಾಯುತ್ತದೆ. ಆದ್ದರಿಂದ ಕಬ್ಬು ಬೆಳೆಯುವವರಲ್ಲಿ ಒಂದು ವಿನಂತಿ: ಬಿಳಿ ಹೇನು ಕಂಡ ಕೂಡಲೇ ಔಷಧಿ ಡಬ್ಬಕ್ಕೆ ಕೈಹಾಕಬೇಡಿ. ಮೊದಲು ಗರಿ ತಿರುಗಿಸಿ, ಹೇನಿನ ನಡುವೆ ಬಲೆಯಿದೆಯೇ ನೋಡಿ.