ಪಂದ್ಯಪಥದಲ್ಲಿ ಮೊದಲ ದಿನ

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘ ಮಾಸದಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆಯುತ್ತದೆ. ಅಲ್ಲಿಗೆ ಬರುವ ಎತ್ತಿನ ಗಾಡಿಗಳಲ್ಲಿ ಕುಳಿತವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಓಡುತ್ತಿರುವ ಗಾಡಿಯನ್ನು ಫಕ್ಕನೆ ಬಲಕ್ಕೆ ಹೊರಳಿಸಿದರೆ ಒಳಗಿದ್ದವರೆಲ್ಲ ಎಡಕ್ಕೆ ಒರಗುತ್ತಾರೆ. ಗಾಡಿಯೂ ಎಡಕ್ಕೇ ಮಗುಚಲು ನೋಡುತ್ತದೆ. ಅದೇ ತಿರುವಿನಲ್ಲಿ ಮೋಟಾರ್ ಸೈಕಲ್ಲಿನ ಸವಾರನು ಬಲಕ್ಕೆ ವಾಲುತ್ತಾನೆ, ಆದರೂ ಬೀಳುವುದಿಲ್ಲ. ಇದೇಕೆ ಹೀಗೆ? ಉತ್ತರವನ್ನು ಭೌತವಿಜ್ಞಾನದ ಪಠ್ಯದಲ್ಲಿ ಓದಬಹುದು. ಮೈಯಿಂದಲೇ ಅರಿಯಬೇಕೆಂದರೆ ಪಂದ್ಯಪಥಕ್ಕೆ ಹೋಗಬೇಕು.

ಚಿಕ್ಕೋಡಿ, ಅಥಣಿ, ಕಾಗವಾಡಗಳ ಕಡೆಯ ತರುಣರಿಗೆ ಅಂಥ ಪಥ ದೂರವೇ ಸರಿ. ದಾರಿ ಮಾತ್ರ ಸುಲಭ. ನಿಪ್ಪಾಣಿಯನ್ನು ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳನ್ನು ದಾಟಿದರೆ, ಚೆನ್ನೈಗೆ ಸ್ವಲ್ಪ ಮೊದಲು ಇರುಂಗಾಟ್ಟುಕೋಟ್ಟೈ ಎಂಬ ಊರು ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಿರ್ಮಿಸಿ 1990ರಲ್ಲಿ ತೆರೆದ ಪಥ ಅಲ್ಲಿದೆ. ಉದ್ದ 3.717 ಕಿಲೋಮೀಟರ್, ತಿರುವುಗಳು ಹನ್ನೆರಡು. ಅದಕ್ಕೂ ಮುಂಚೆ ಶೋಳಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ಪಂದ್ಯಗಳು ನಡೆಯುತ್ತಿದ್ದವು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2003ರಿಂದೀಚಿನದು.

ಸಾಮಾನ್ಯ ಸವಾರರು ಶುಲ್ಕ ತೆತ್ತು ತಮ್ಮ ವಾಹನವನ್ನು ಇಂಥ ಪಥದಲ್ಲಿ ಓಡಿಸುವ ದಿನಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಇದು ಪಂದ್ಯವಲ್ಲ, ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಎದುರಿನಿಂದ ಲಾರಿ ಬಾರದು, ದನ ಅಡ್ಡ ಬಾರದು, ಬಿದ್ದರೆ ಎತ್ತಿಕೊಳ್ಳಲು ಆಂಬುಲೆನ್ಸ್ ಸಿದ್ಧವಾಗಿರುತ್ತದೆ.

ಬೆಳಿಗ್ಗೆ ವಾಹನದ ತಪಾಸಣೆ. ಕನ್ನಡಿಗಳನ್ನು ಬಿಚ್ಚಿಡಬೇಕು, ಇಲ್ಲವೆ ಮುಚ್ಚಬೇಕು. ದೀಪದ ಗಾಜಿಗೆ ಪಟ್ಟಿ ಅಂಟಿಸಬೇಕು. ಒಬ್ಬನು ಬಿದ್ದಾಗ ಚೂರುಗಳು ಚೆಲ್ಲಿ ಇನ್ನೊಬ್ಬನ ಟೈರಿಗೆ ಚುಚ್ಚಬಾರದಲ್ಲ! ಎಂಜಿನ್ನನ್ನು ತಣಿಸುವ ಬಣ್ಣದ ದ್ರವದ ಬದಲು ಬರಿಯ ನೀರು ತುಂಬಿಸುವುದೂ ಉಂಟು. ಆ ದ್ರವ ಸೋರಿದರೆ ನೆಲ ಎಣ್ಣೆಯಂತೆ ಜಾರುತ್ತದೆ. ಮೈಗೆ ಚರ್ಮದ ಉಡುಪು ಬೇಕು. ಟಾರಿನ ಮೇಲೆ ಉಜ್ಜಿಕೊಂಡು ಹೋಗುವಾಗ ಬಟ್ಟೆ ಕ್ಷಣದಲ್ಲಿ ಹರಿಯುತ್ತದೆ, ದಪ್ಪ ಚರ್ಮ ತಾಳುತ್ತದೆ. ಚಪ್ಪಲಿಗೆ ಹೆಸರಾದ ಅಥಣಿಯವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಬಳಿಕ ಬಾವುಟಗಳ ಪಾಠ: ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಕೂಡದು, ಕೆಂಪು ಕಂಡರೆ ಓಟ ನಿಂತಿತು, ನಿಧಾನವಾಗಿ ಮರಳಬೇಕು.

ಇನ್ನು ವಾಲುವಿಕೆಯ ವಿಚಾರ. ಟೈರು ನೆಲವನ್ನು ಮುಟ್ಟುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಅಲ್ಲಿ ನೆಲವು ವಾಹನದ ತೂಕವನ್ನು ಹೊತ್ತು ಅದನ್ನು ಮೇಲಕ್ಕೆ ತಳ್ಳುತ್ತದೆ; ತಿರುವಿನಲ್ಲಿ ಘರ್ಷಣೆಯಿಂದ ಒಳಕ್ಕೂ ತಳ್ಳುತ್ತದೆ. ಈ ಒಳತಳ್ಳು ಬುಡದಲ್ಲಿ ಬೀಳುವುದರಿಂದ, ನೆಟ್ಟಗೆ ನಿಂತ ವಾಹನದ ಕಾಲು ಒಳಕ್ಕೆ ಸರಿದು ತಲೆ ಹೊರಕ್ಕೆ ಉರುಳುತ್ತದೆ. ಗಾಡಿಯದೂ ಇದೇ ಪಾಡು. ಸವಾರನು ಮೊದಲೇ ಒಳಕ್ಕೆ ವಾಲಿದ್ದರೆ ಅವನ ಭಾರವು ಅವನನ್ನು ಒಳಕ್ಕೆ ಬೀಳಿಸಲು ಎಳೆಯುತ್ತದೆ. ಎರಡು ಉರುಳುವಿಕೆಗಳೂ ಸರಿಸಮವಾದಾಗ ಅವನು ಬೀಳದೆ ತಿರುಗುತ್ತಾನೆ.

ಎಷ್ಟು ವಾಲಬೇಕು? ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವದ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಬರುವುದೇ ವಾಲುಕೋನದ ಟ್ಯಾನ್ ಬೆಲೆ. ತ್ರಿಜ್ಯ 50 ಮೀಟರ್ ಇರಲಿ. ಗಂಟೆಗೆ 36 ಕಿಲೋಮೀಟರಿನಲ್ಲಿ, ಎಂದರೆ ಸೆಕೆಂಡಿಗೆ 10 ಮೀಟರಿನಲ್ಲಿ, ಈ ಬೆಲೆ ಸುಮಾರು 0.2, ಕೋನ 11 ಅಥವಾ 12 ಡಿಗ್ರಿ. ವೇಗ ಇಮ್ಮಡಿಯಾಗಿ 72 ಆದರೆ ಬೆಲೆ ನಾಲ್ಕು ಪಟ್ಟು, 0.8ಕ್ಕಿಂತ ತುಸು ಹೆಚ್ಚು. ಕೋನ 39 ಡಿಗ್ರಿ. ಈ ಲೆಕ್ಕದಲ್ಲಿ ತೂಕದ ಮಾತೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇದೇ 0.8 ಘರ್ಷಣೆಯ ಲೆಕ್ಕವೂ ಹೌದು: ನೆಲ ಮತ್ತು ಟೈರುಗಳ ನಡುವಣ ಘರ್ಷಣಾಂಕ ಅಷ್ಟಿಲ್ಲದಿದ್ದರೆ ಚಕ್ರ ಜಾರುತ್ತದೆ. ಒಣ ಟಾರಿನ ಮೇಲೆ ಒಳ್ಳೆಯ ಟೈರಿಗೆ ಅದು 0.8ರಿಂದ 1ರವರೆಗೆ ಇರಬಹುದು. ಸವಾರರು ಆಸನದಿಂದ ಒಳಕ್ಕೆ ಜಾರಿ ಮಂಡಿ ಚಾಚುವುದು ಬರಿಯ ಬೆಡಗಲ್ಲ. ಸವಾರನ ಮೈ ಹೆಚ್ಚು ಒಳಕ್ಕೆ ಬಂದಷ್ಟೂ ವಾಹನ ಕಡಿಮೆ ವಾಲಿದರೆ ಸಾಕಾಗುತ್ತದೆ.

ಮೊದಲ ಸಲ ಪಥಕ್ಕಿಳಿದಾಗ ನಮ್ಮ ಗರ್ವ ಎರಡನೆಯ ತಿರುವಿನಲ್ಲೇ ಇಳಿಯಿತು. ತೋಳುಗಳು ಕೋಲಿನಂತೆ ಸೆಟೆದಿದ್ದವು, ಕಣ್ಣು ಮುಂಚಕ್ರದ ಬುಡದಲ್ಲೇ ನೆಟ್ಟಿತ್ತು. ತಿರುವು ಮುಗಿಯುವ ಕಡೆಗೆ ನೋಡಿರೆಂದು ಶಿಕ್ಷಕರು ಹೇಳಿದರು. ನೋಡಿದೆವು, ಅದೇ ವೇಗ ಅರ್ಧವಾದಂತೆ ತೋರಿತು. ಇನ್ನೊಂದು ಪಾಠ ಇದಕ್ಕಿಂತಲೂ ವಿಚಿತ್ರ. ಬಲಕ್ಕೆ ವಾಲಬೇಕಾದರೆ ಹಿಡಿಕೆಯ ಬಲತುದಿಯನ್ನು ಮುಂದಕ್ಕೆ ಒತ್ತಬೇಕು, ಎಂದರೆ ಚಕ್ರವನ್ನು ಕ್ಷಣಕಾಲ ಎಡಕ್ಕೆ ತಿರುಗಿಸಬೇಕು! ಚಕ್ರಗಳು ಎಡಕ್ಕೆ ಸರಿದೊಡನೆ ಮೇಲಿನ ಭಾರ ಬಲಕ್ಕೆ ಉಳಿದು ವಾಲುವಿಕೆ ತಾನಾಗಿ ಮೊದಲಾಗುತ್ತದೆ. ಸ್ಕಾಟ್‌ಲೆಂಡಿನ ಎಂಜಿನಿಯರ್ ರ್‍ಯಾಂಕಿನ್ 1869ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದನು. ಸೈಕಲ್ ತುಳಿಯುವ ನಾವೆಲ್ಲರೂ ದಿನವೂ ಇದನ್ನೇ ಮಾಡುತ್ತೇವೆ, ಅರಿವಿಲ್ಲದೆ.

ಟೈರಿನ ಹಿಡಿತವು ತಿಂಗಳ ಸಂಬಳದಂತೆ. ಬ್ರೇಕಿಗೆ ಖರ್ಚಾದದ್ದು ತಿರುವಿಗೆ ಉಳಿಯದು. ಆದುದರಿಂದಲೇ ನೆಟ್ಟಗಿರುವಾಗ ಬ್ರೇಕು ಹಾಕಿ ವೇಗ ತಗ್ಗಿಸಿ ಅನಂತರ ವಾಲಬೇಕೆಂದು ಹೊಸಬರಿಗೆ ಕಲಿಸುತ್ತಾರೆ. ಪಥದ ಹೊರ ಅಂಚಿನಿಂದ ಹೊರಟು, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಹೋದರೆ ಸಾಗುವ ಕಮಾನಿನ ತ್ರಿಜ್ಯ ಹಿಗ್ಗಿ ಹಿಡಿತ ಉಳಿಯುತ್ತದೆ. ಊರ ರಸ್ತೆಯಲ್ಲಿ ಈ ಗೆರೆಯನ್ನು ಹಿಡಿಯುವಂತಿಲ್ಲ. ಅಲ್ಲಿ ಎಡ ತಿರುವಿನ ಹೊರ ಅಂಚು ಎದುರಿನವನದು.

ಊರ ರಸ್ತೆಯೂ ಪಥವಲ್ಲ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗೆ ಕಾರ್ಖಾನೆಗಳ ದಾರಿಯಲ್ಲಿ ರವದಿ ಉದುರಿರುತ್ತದೆ. ಟ್ರ್ಯಾಕ್ಟರಿನ ಚಕ್ರಗಳು ಹೊಲದ ಎರೆಮಣ್ಣನ್ನು ಟಾರಿಗೆ ತಂದು ಮೆತ್ತುತ್ತವೆ. ಗಂಟೆಗೆ 72 ಕಿಲೋಮೀಟರಿನಲ್ಲಿ ಹೋಗುವವನು ಅಡ್ಡಿಯನ್ನು ಕಂಡು ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲೇ 20 ಮೀಟರ್ ಸಾಗಿರುತ್ತಾನೆ. ಘರ್ಷಣಾಂಕ 0.8 ಇದ್ದರೆ ನಿಲ್ಲಲು ಮತ್ತೆ 25.5 ಮೀಟರ್ ಬೇಕು, ಅದು 0.4ಕ್ಕೆ ಇಳಿದರೆ 51 ಮೀಟರ್. ಒಟ್ಟು 71 ಮೀಟರ್. ರಾತ್ರಿಯಲ್ಲಿ ಹಿಂದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರು ಅಷ್ಟು ದೂರದಿಂದ ಕಾಣುವುದೇ ಎಂಬುದನ್ನು ಆ ದಾರಿಯಲ್ಲಿ ಓಡಾಡುವವರೇ ಹೇಳಬಲ್ಲರು.