ಮದುವೆಯಿಲ್ಲದ ದಿನದ ಆಟ

ತಲಘಟ್ಟಪುರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಕೂತುಬಿಡಿ. ನಡುವೆ ಎಲ್ಲೂ ರೈಲು ಬದಲಿಸಬೇಕಿಲ್ಲ. ಸಂಪಿಗೆ ರಸ್ತೆಯಲ್ಲಿ ಇಳಿದು ಮಲ್ಲೇಶ್ವರದೊಳಕ್ಕೆ ಆಟೋ ಹಿಡಿದರೆ, ಭಾರತ ಗೆದ್ದ ಥಾಮಸ್ ಕಪ್ಪಿನ ಒಂದು ಬೇರು ಸಿಗುತ್ತದೆ! ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ನನಗಿದು ಹೊಳೆದಿರಲಿಲ್ಲ. ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಥಾಮಸ್ ಕಪ್ ಅಂದರೆ ಗಂಡಸರ ತಂಡಗಳ ವಿಶ್ವ ಬ್ಯಾಡ್ಮಿಂಟನ್. 1949ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಮಲಯ, ಅಂದರೆ ಈಗಿನ ಮಲೇಷ್ಯಾ, ಮೊದಲ ಸಲ ಗೆದ್ದಿತು. ಅಲ್ಲಿಂದ 73 ವರ್ಷ ಆ ಕಪ್ಪನ್ನು ಎತ್ತಿದ್ದು ಎಷ್ಟು ದೇಶಗಳು ಗೊತ್ತೇ? ಐದೇ ಐದು! ಮಲೇಷ್ಯಾ, ಇಂಡೊನೇಷ್ಯಾ, ಚೀನಾ, ಜಪಾನ್, ಡೆನ್ಮಾರ್ಕ್. ನಾವು 1952, 1955, 1979ರಲ್ಲಿ ಸೆಮಿಫೈನಲ್ಲಿನವರೆಗೆ ಹೋಗಿ ವಾಪಸಾಗಿದ್ದವರು.

ಆಮೇಲೆ ಬಂತು 2022ರ ಮೇ 15, ಬ್ಯಾಂಕಾಕ್. ಎದುರಿಗೆ 14 ಸಲ ಗೆದ್ದ ಇಂಡೊನೇಷ್ಯಾ. ಮೊದಲು ಕಣಕ್ಕಿಳಿದವನು ಇಪ್ಪತ್ತರ ಹುಡುಗ ಲಕ್ಷ್ಯ ಸೇನ್. ಟೂರ್ನಿಯ ಶುರುವಿನಲ್ಲಿ ಆಹಾರ ವಿಷವಾಗಿ ಮಲಗಿದ್ದವನು. ಗಿಂಟಿಂಗ್ ಎದುರು ಮೊದಲ ಗೇಮ್ 8-21! ಅಲ್ಲಿಂದ ಎದ್ದನಲ್ಲ, 21-17, 21-16! ಡಬಲ್ಸ್‌ನಲ್ಲಿ ಸಾತ್ವಿಕ್ ಮತ್ತು ಚಿರಾಗ್ ಶೆಟ್ಟಿ ಮೊದಲ ಗೇಮ್ ಕಳೆದುಕೊಂಡರೂ 23-21, 21-19ರಲ್ಲಿ ಕಸಿದುಕೊಂಡರು. ಶ್ರೀಕಾಂತ್ ಎರಡೇ ಗೇಮ್‌ನಲ್ಲಿ ಕ್ರಿಸ್ಟಿಯನ್ನು ಮುಗಿಸಿದರು. 3-0! ಐದು ಪಂದ್ಯಗಳಲ್ಲಿ ಕೊನೆಯ ಎರಡು ಬೇಕಾಗಲೇ ಇಲ್ಲ. ಕಣಕಾಲು ಉಳುಕಿದರೂ ಸೆಮಿಫೈನಲ್ಲಿನಲ್ಲಿ ಡೆನ್ಮಾರ್ಕಿನ ಎದುರು ಕೊನೆಯ ಪಂದ್ಯ ಗೆದ್ದುಕೊಟ್ಟ ಪ್ರಣಯ್‌ಗೆ ಅಂದು ಅಂಗಳದ ಪಕ್ಕದಲ್ಲಿ ಕುಣಿಯುವುದಷ್ಟೇ ಕೆಲಸ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಲಕ್ಷ್ಯ ಬಂದ ದಾರಿ. ಹುಟ್ಟಿದ್ದು ಅಲ್ಮೋರಾದ ಬೆಟ್ಟದಲ್ಲಿ, ಆಟ ಮಾಗಿದ್ದು ನಮ್ಮ ಬೆಂಗಳೂರಿನಲ್ಲಿ. 1994ರಲ್ಲಿ ಪ್ರಕಾಶ್ ಪಡುಕೋಣೆ, ವಿಮಲ್ ಕುಮಾರ್, ವಿವೇಕ್ ಕುಮಾರ್ ಸೇರಿ ಕಟ್ಟಿದ ಅಕಾಡೆಮಿಯಲ್ಲಿ. ಆ ಪ್ರಕಾಶ್ ತಾವು ರ‍್ಯಾಕೆಟ್ ಹಿಡಿದದ್ದೆಲ್ಲಿ? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ! ಮನೆಯ ಹತ್ತಿರ ಇದ್ದ ಅಂಗಳ ಅದೊಂದೇ. ಮದುವೆ ಇದ್ದರೆ ಆಟವಿಲ್ಲ. ಇಲ್ಲದಿದ್ದರೆ ಶಾಲೆ ಬಿಟ್ಟವರು ಅಲ್ಲಿಗೇ ಓಟ. ಓಲಗದ ಸದ್ದು ಕೇಳಿ ಮುಖ ಸಪ್ಪಗಾದ ಆ ಮಕ್ಕಳನ್ನು ನೆನೆದುಕೊಳ್ಳಿ. ಅವರಲ್ಲೊಬ್ಬ 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ, ಹಿಂದಿನ ಎರಡೂ ವರ್ಷ ಗೆದ್ದಿದ್ದ ಲಿಯೆಮ್ ಸ್ವಿ ಕಿಂಗ್‌ನನ್ನು 15-3, 15-10ರಲ್ಲಿ ಮಣಿಸಿದ. ಲಿಯೆಮ್ ಯಾವ ದೇಶದವನು? ಇಂಡೊನೇಷ್ಯಾದವನು! ನಲವತ್ತೆರಡು ವರ್ಷ ಕಳೆದು ಅದೇ ದೇಶದ ಎದುರು, ಅದೇ ಪ್ರಕಾಶರ ಅಕಾಡೆಮಿಯ ಹುಡುಗ ಮೊದಲ ಪಂದ್ಯ ಗೆದ್ದುಕೊಟ್ಟ. ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಅನ್ನುತ್ತಿದ್ದರು. ನಡೆದದ್ದೇ ಹೀಗೆ.

ಈಗ ಸಂಜೆ ಕನಕಪುರ ರಸ್ತೆಯ ಕಡೆ ತಗಡಿನ ಶೆಡ್ಡುಗಳೊಳಗಿಂದ ಶಟಲ್ ಹೊಡೆಯುವ ಟಪ್ ಟಪ್ ಕೇಳಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಐದು ಗ್ರಾಂ ಆಸುಪಾಸಿನ ತೂಕ, ಹದಿನಾರು ಗರಿ, ಅಷ್ಟೇ ಆ ಶಟಲ್! ಒಳಗೆ ಹತ್ತು ವರ್ಷದ ಮಕ್ಕಳು ಬೆವರಿಳಿಸುತ್ತಿರುತ್ತಾರೆ. ಮದುವೆ ಮುಹೂರ್ತ ನೋಡಿಕೊಂಡು ಆಡಬೇಕಾದ ಕಷ್ಟ ಇವರಿಗಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಮಗುವಿದ್ದರೆ ಒಂದು ಭಾನುವಾರ ಹಸಿರು ಮಾರ್ಗದ ರೈಲು ಹತ್ತಿಸಿ, ಮಲ್ಲೇಶ್ವರಕ್ಕೆ ಕರೆದುಕೊಂಡು ಹೋಗಿ ಕೆನರಾ ಯೂನಿಯನ್ ತೋರಿಸಿ ಬನ್ನಿ.